ಸೂರಿಗೆ ಮುನ್ನ ನೆಲ

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಧರ್ಮಕೇಂದ್ರದ ಓರ್ವ ವಿಧವೆ ಕಚೇರಿಯ ಬಾಗಿಲಿಗೆ ಬಂದು ನಿಂತರು. ಬೀಡಿ ಕಟ್ಟಿ ಇಬ್ಬರು ಮಕ್ಕಳನ್ನು ಸಾಕಿದವರು ಅವರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಒದ್ದೆಯಾಗದಂತೆ ಮಡಚಿಟ್ಟ ಕಾಗದಗಳು. ಪ್ರತಿವರ್ಷದಂತೆ ಮಾಡಿಗೆ ಹೊದೆಸಲು ಟಾರ್ಪಾಲು ಕೇಳಲು ಬಂದಿದ್ದಾರೆಂದು ನಾವು ಭಾವಿಸಿದೆವು. "ಈ ಸಲ ಟಾರ್ಪಾಲು ಬೇಡ ಫಾದರ್. ಇದರಲ್ಲಿ ಯಾವ ಕಾಗದ ಕಡಿಮೆ ಇದೆ ಎಂದು ನೋಡಿ ಹೇಳಿ, ಸಾಕು" ಎಂದರು.

ನಮಗೆ ಹೇಳಲು ತಿಳಿಯಲಿಲ್ಲ. ಅವರ ಹೆಸರು ಒಮ್ಮೆ ಗ್ರಾಮ ಸಭೆಯ ಫಲಾನುಭವಿಗಳ ಪಟ್ಟಿಯಲ್ಲಿ ಬಂದಿತ್ತು. ನಿವೇಶನದ ದಾಖಲೆಯಿಲ್ಲವೆಂಬ ಕಾರಣಕ್ಕೆ ಅನಂತರ ಬಿಟ್ಟುಹೋಗಿತ್ತು. ಪಂಚಾಯತಿನಲ್ಲಿ ವಿಚಾರಿಸಿದರೆ ತಾಲೂಕು ಕಚೇರಿಗೆ ಹೋಗಿ ಎಂದರು. ತಾಲೂಕು ಕಚೇರಿಯಲ್ಲಿ ಸರ್ವೆ ಆಗಬೇಕು ಎಂದರು. ಯಾರೂ ಕೆಟ್ಟದಾಗಿ ಮಾತಾಡಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಮಟ್ಟಿಗೆ ಸರಿಯಾದುದನ್ನೇ ಹೇಳಿದ್ದರು. ಆದರೂ ಮನೆಯಾಗಲಿಲ್ಲ.

ಬಡವನಿಗೆ ಮನೆ ಕೊಡುವವರು ಯಾರು? "ಸರಕಾರ" ಎಂದು ನಾವೆಲ್ಲ ಸುಲಭವಾಗಿ ಉತ್ತರಿಸುತ್ತೇವೆ. ಆದರೆ ಈ ವಿಷಯದಲ್ಲಿ ಸರಕಾರವೆಂಬುದು ಒಂದೇ ಬಾಗಿಲಿನ ಕಟ್ಟಡವಲ್ಲ. ಯಾವ ಬಾಗಿಲು ಎಲ್ಲಿದೆ, ಅದರೊಳಗೆ ಏನು ದೊರೆಯುತ್ತದೆ ಎಂಬ ನಕ್ಷೆ ಕೈಯಲ್ಲಿಲ್ಲದವರು ಸುತ್ತುತ್ತಲೇ ಇರಬೇಕಾಗುತ್ತದೆ. ಆ ನಕ್ಷೆಯನ್ನು ಬರೆಯುವ ಪ್ರಯತ್ನವನ್ನು ಇಲ್ಲಿ ಮಾಡಿದ್ದೇವೆ.

ಒಂದು ಹಳೆಯ ಪಾಠ

ಗುರುಮಠದಲ್ಲಿ ತತ್ತ್ವಶಾಸ್ತ್ರ ಕಲಿತ ದಿನಗಳಲ್ಲಿ ಅರಿಸ್ಟಾಟಲನ ನಾಲ್ಕು ಕಾರಣಗಳನ್ನು ನಾವು ಬಾಯಿಪಾಠ ಮಾಡಿದ್ದೆವು. ಯಾವುದೇ ವಸ್ತು ಉಂಟಾಗಬೇಕಾದರೆ ಅದಕ್ಕೆ ಬೇಕಾದ ದ್ರವ್ಯ, ಅದು ತಳೆಯುವ ರೂಪ, ಅದನ್ನು ಮಾಡುವ ಕೈ, ಅದು ಯಾರಿಗಾಗಿ, ಯಾತಕ್ಕಾಗಿ ಎಂಬ ಉದ್ದೇಶ - ಈ ನಾಲ್ಕೂ ಕೂಡಬೇಕು. ಇದನ್ನು ವಿವರಿಸಲು ಆತ ಬಳಸಿದ ನಿದರ್ಶನಗಳಲ್ಲಿ ಮನೆಯೂ ಒಂದು. ನಮ್ಮ ವಸತಿ ವ್ಯವಸ್ಥೆಯನ್ನು ಅರಿಯಲು ಈ ಪಾಠ ಇಂದಿಗೂ ಉಪಯುಕ್ತವಾಗಿದೆ. ಏಕೆಂದರೆ ನಮ್ಮಲ್ಲಿ ಈ ನಾಲ್ಕು ಕಾರಣಗಳೂ ಬೇರೆ ಬೇರೆ ಸಂಸ್ಥೆಗಳ ವಶದಲ್ಲಿವೆ.

ಹಣದ ಹಾದಿ

ಮೊದಲು ಹಣವನ್ನು ನೋಡೋಣ. ಗ್ರಾಮೀಣ ಬಡವರಿಗಾಗಿ ಕೇಂದ್ರ ಸರಕಾರವು 1985ರಲ್ಲಿ ಇಂದಿರಾ ಆವಾಸ್ ಯೋಜನೆಯನ್ನು ಆರಂಭಿಸಿತು. 2016ರಲ್ಲಿ ಅದರ ಸ್ಥಾನದಲ್ಲಿ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗ ಬಂದಿತು. ಆಗ ನಿಗದಿಯಾದ ಸಹಾಯಧನ ಬಯಲು ಪ್ರದೇಶದಲ್ಲಿ 1,20,000 ರೂಪಾಯಿ, ಗುಡ್ಡಗಾಡು ರಾಜ್ಯಗಳಲ್ಲಿ 1,30,000 ರೂಪಾಯಿ. ನಮ್ಮಂಥ ರಾಜ್ಯಗಳಲ್ಲಿ ಇದರ ನೂರಕ್ಕೆ 60 ಪಾಲನ್ನು ಕೇಂದ್ರವೂ 40 ಪಾಲನ್ನು ರಾಜ್ಯವೂ ಭರಿಸಬೇಕು. ನಗರಗಳಿಗಾಗಿ ಇದೇ ಹೆಸರಿನ ಇನ್ನೊಂದು ಯೋಜನೆ 2015ರಲ್ಲಿ ಆರಂಭವಾಗಿ, ಅದರ ಎರಡನೆಯ ಹಂತಕ್ಕೆ 2024ರಲ್ಲಿ ಮಂಜೂರಾತಿ ದೊರೆಯಿತು.

ಕರ್ನಾಟಕಕ್ಕೆ ತನ್ನದೇ ಆದ ಪರಂಪರೆಯೂ ಇದೆ. 1991-92ರಲ್ಲಿ ಆರಂಭವಾದ ಆಶ್ರಯ ಯೋಜನೆಯ ಮನೆಗಳನ್ನು ನಮ್ಮ ಊರುಗಳಲ್ಲಿ ಕಾಣದವರಿಲ್ಲ. ಇಂಥ ಯೋಜನೆಗಳನ್ನೆಲ್ಲ ಒಂದೆಡೆ ನಿರ್ವಹಿಸಲು 2000ನೇ ಇಸವಿಯಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪನೆಯಾಯಿತು. ಬಸವ ವಸತಿ ಯೋಜನೆ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕುಟುಂಬಗಳಿಗಾಗಿ ಡಾ. ಬಿ. ಆರ್. ಅಂಬೇಡ್ಕರ್ ನಿವಾಸ ಯೋಜನೆ, ವಿಧವೆಯರು, ಅಂಗವಿಕಲರು ಮೊದಲಾದ ವಿಶೇಷ ವರ್ಗದವರಿಗಾಗಿ ದೇವರಾಜ ಅರಸು ವಸತಿ ಯೋಜನೆ - ಇವು ಈ ನಿಗಮದ ಮೂಲಕ ನಡೆಯುವವು.

ಸಾಲದ ಹಾದಿ ಬೇರೆ. 1970ರಲ್ಲಿ ಹುಟ್ಟಿದ ಹುಡ್ಕೋ ಸಂಸ್ಥೆಯು ರಾಜ್ಯಗಳ ಮಂಡಳಿ ಹಾಗೂ ನಿಗಮಗಳಿಗೆ ಸಾಲ ನೀಡುತ್ತದೆ. 1988ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ವಸತಿ ಬ್ಯಾಂಕು ಗೃಹಸಾಲ ನೀಡುವ ಬ್ಯಾಂಕುಗಳಿಗೂ ಹಣಕಾಸು ಸಂಸ್ಥೆಗಳಿಗೂ ಮರುಸಾಲ ಒದಗಿಸುತ್ತದೆ. ಇವೆರಡೂ ಬಡವನ ಕಣ್ಣಿಗೆ ಬೀಳುವುದಿಲ್ಲ. ಆತನಿಗೆ ಕಾಣುವುದು ಊರಿನ ಸಹಕಾರಿ ಸಂಘ ಮಾತ್ರ.

ಎರಡು ಮಂಡಳಿಗಳು

1962ರ ಕಾಯ್ದೆಯಡಿ ನಡೆಯುವ ಕರ್ನಾಟಕ ಗೃಹ ಮಂಡಳಿಯು ಬಡಾವಣೆಗಳನ್ನು ನಿರ್ಮಿಸಿ ನಿವೇಶನ ಹಾಗೂ ಮನೆಗಳನ್ನು ಕ್ರಯಕ್ಕೆ ನೀಡುತ್ತದೆ. ಕಂತು ಕಟ್ಟುವ ಶಕ್ತಿಯುಳ್ಳ ಸಂಬಳದಾರರಿಗೆ ಇದು ಅನುಕೂಲ. 1973ರ ಕಾಯ್ದೆಯ ಫಲವಾಗಿ ಬಂದ ಕೊಳಗೇರಿ ಮಂಡಳಿಯ ಕಾರ್ಯಕ್ಷೇತ್ರ ಕೊಳಚೆ ಪ್ರದೇಶವೆಂದು ಘೋಷಿತವಾದ ಜಾಗಗಳು. ಹಳ್ಳಿಯ ಗುಡ್ಡದ ಬದಿಯಲ್ಲಿ ಒಂಟಿ ಬಿಡಾರದಲ್ಲಿ ವಾಸಿಸುವ ಬೀಡಿ ಕಾರ್ಮಿಕಳಿಗೆ ಇವೆರಡೂ ತನ್ನವಲ್ಲದ ಬಾಗಿಲುಗಳು. ಇದನ್ನು ಮೊದಲೇ ತಿಳಿಸುವವರಿದ್ದರೆ ಎಷ್ಟೋ ಬಸ್ಸಿನ ಖರ್ಚು, ಎಷ್ಟೋ ದಿನದ ಮಜೂರಿ ಉಳಿಯುತ್ತದೆ.

ಕಟ್ಟುವ ಕೈಗಳು

ರೂಪ ಮತ್ತು ನಿರ್ಮಾಣದ ವಿಚಾರದಲ್ಲಿ ಒಂದು ಮಾತು ಗಮನಾರ್ಹ. ಗ್ರಾಮೀಣ ಯೋಜನೆಯ ಮನೆಯನ್ನು ಗುತ್ತಿಗೆದಾರನು ಕಟ್ಟಿಕೊಡುವುದಿಲ್ಲ, ಫಲಾನುಭವಿಯೇ ಕಟ್ಟಿಸಬೇಕು. ಅಡುಗೆಯ ಸ್ಥಳವೂ ಸೇರಿ ಕನಿಷ್ಠ 25 ಚದರ ಮೀಟರ್ ಇರಬೇಕು. ಕೆಲಸ ಮುಂದುವರಿದಂತೆ ಹಂತ ಹಂತದ ಭಾವಚಿತ್ರಗಳು ಸ್ಥಳದ ಗುರುತಿನೊಂದಿಗೆ ದಾಖಲಾಗಿ, ಅದಕ್ಕೆ ತಕ್ಕಂತೆ ಕಂತಿನ ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಇದರಿಂದ ಮಧ್ಯವರ್ತಿಗಳ ಕಾಟ ತಗ್ಗಿದ್ದು ನಿಜ. ಆದರೆ ಮೊದಲ ಹಂತದ ಕಲ್ಲು, ಸಿಮೆಂಟಿಗೆ ಕೈಯಲ್ಲಿ ಕಾಸಿಲ್ಲದವರು ಪಂಚಾಂಗದಲ್ಲೇ ನಿಂತುಬಿಡುವುದೂ ಉಂಟು.

ಕಡಿಮೆ ವೆಚ್ಚದ ನಿರ್ಮಾಣವನ್ನು ಕಲಿಸುವ ಸಂಸ್ಥೆಗಳೂ ಇವೆ. 1985ರಲ್ಲಿ ಕೇರಳದ ಕೊಲ್ಲಂನಲ್ಲಿ ಆರಂಭವಾದ ನಿರ್ಮಿತಿ ಕೇಂದ್ರದ ಕಲ್ಪನೆಯು ಕರ್ನಾಟಕದ ಜಿಲ್ಲೆಗಳಿಗೂ ಹಬ್ಬಿತು. ವಾಸ್ತುಶಿಲ್ಪಿ ಲಾರಿ ಬೇಕರ್ ಅವರ ಮಾರ್ಗದರ್ಶನವಿದ್ದ ಕಾಸ್ಟ್‌ಫೋರ್ಡ್ ಸಂಸ್ಥೆಯೂ ಅದೇ ವರ್ಷ ತ್ರಿಶೂರಿನಲ್ಲಿ ಹುಟ್ಟಿತು. ಊರಿನ ಕಲ್ಲು, ಊರಿನ ಹಂಚು, ಊರಿನ ಮೇಸ್ತ್ರಿ - ಇವೇ ಅಗ್ಗದ ಮನೆಯ ಗುಟ್ಟು ಎಂಬುದು ಅವರ ಮತವಾಗಿತ್ತು. ಮುರಕಲ್ಲಿನ ನಾಡಿನವರಾದ ನಮಗೆ ಇದು ಹೊಸದೇನಲ್ಲ.

ಇನ್ನು ಸ್ವಯಂಸೇವಾ ಸಂಸ್ಥೆಗಳು. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಒಜಾನಾಮ್ ಎಂಬ ವಿದ್ಯಾರ್ಥಿಯೂ ಆತನ ಸ್ನೇಹಿತರೂ ಸೇರಿ ಸ್ಥಾಪಿಸಿದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರು ನಮ್ಮ ಧರ್ಮಕೇಂದ್ರಗಳಲ್ಲಿ ಮನೆಗಳ ದುರಸ್ತಿಗೂ ನಿರ್ಮಾಣಕ್ಕೂ ನೆರವಾಗುತ್ತ ಬಂದಿದ್ದಾರೆ. ಇತರ ಸಮಾಜಗಳ ಸಂಘಗಳು, ಯುವಕ ಮಂಡಲಗಳು, ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆಯ ತಂಡಗಳು ಸಹ ಶ್ರಮದಾನ ಮಾಡುತ್ತವೆ. ಸರಕಾರದ ಕಂತು ಸಾಲದಾದಲ್ಲಿ ಇಂಥವರ ಕೈ ಸೇರಿ ಮಾಡು ಮುಚ್ಚಿದ ಮನೆಗಳನ್ನು ನಾವು ಕಂಡಿದ್ದೇವೆ.

ಎಲ್ಲಿ ಕೊಂಡಿ ಕಳಚುತ್ತದೆ?

ಹಣವಿದೆ, ನಿಯಮವಿದೆ, ಕೈಗಳಿವೆ. ಆದರೂ ಆ ತಾಯಿಯ ಚೀಲದಲ್ಲಿ ಕಾಗದ ಏಕೆ ಕಡಿಮೆಯಾಯಿತು? ಮೇಲೆ ಹೇಳಿದ ಬಹುತೇಕ ಸಂಸ್ಥೆಗಳು, ನಮ್ಮ ವಿನ್ಸೆಂಟ್ ಸಭೆಯೂ ಸೇರಿ, ಮೊದಲು ಕೇಳುವುದು ಒಂದೇ ಪ್ರಶ್ನೆ: "ಜಾಗ ನಿಮ್ಮ ಹೆಸರಿನಲ್ಲಿದೆಯೇ?" ಮನೆಯ ಅನುದಾನ ವಸತಿ ಇಲಾಖೆಯದು, ಪಟ್ಟಿ ಪಂಚಾಯತಿನದು, ನೆಲ ಮಾತ್ರ ಕಂದಾಯ ಇಲಾಖೆಯದು. ಆ ನೆಲಕ್ಕೆ ಅರಣ್ಯವೆಂಬ ಷರಾ ಬಿದ್ದಿದ್ದರೆ ಅರಣ್ಯ ಇಲಾಖೆಯೂ ನಡುವೆ ಬರುತ್ತದೆ. ಭೂಮಿಯಿಲ್ಲದ ಫಲಾನುಭವಿಗೆ ರಾಜ್ಯವು ನಿವೇಶನ ಒದಗಿಸಬೇಕೆಂದು ಕೇಂದ್ರ ಯೋಜನೆಯ ಮಾರ್ಗಸೂಚಿಯೇ ಹೇಳುತ್ತದೆ. ಆದರೆ ಒಂದು ಇಲಾಖೆಯ ಪಟ್ಟಿಯನ್ನು ಇನ್ನೊಂದು ಇಲಾಖೆಯ ಭೂಮಿಯೊಂದಿಗೆ ಜೋಡಿಸುವ ಕೈ ಯಾವುದು? ಜಾಲವೆಲ್ಲ ಹೆಣೆದಿದ್ದರೂ ಆರಂಭದ ಗಂಟೇ ಸಡಿಲವಾಗಿದೆ. ಆದುದರಿಂದ ಅಲ್ಪಸ್ವಲ್ಪ ಇದ್ದವನಿಗೆ ಮನೆ ಬೇಗ ದೊರೆಯುತ್ತದೆ, ಏನೂ ಇಲ್ಲದವನು ಕೊನೆಗೆ ಉಳಿಯುತ್ತಾನೆ.

ನೆರೆಯ ಕೇರಳವೂ ಇದೇ ತೊಡಕನ್ನು ಎದುರಿಸಿತು. ಅಲ್ಲಿನ ಲೈಫ್ ಮಿಷನ್ ಯೋಜನೆಯು ನಿರ್ವಸಿತರನ್ನು ಮೂರಾಗಿ ವಿಂಗಡಿಸಿತು: ಅರ್ಧಕ್ಕೆ ನಿಂತ ಮನೆಯವರು, ಜಾಗವಿದ್ದು ಮನೆಯಿಲ್ಲದವರು, ಜಾಗವೂ ಮನೆಯೂ ಇಲ್ಲದವರು. ಮೂರನೆಯವರ ಸರದಿ ಬಂದಾಗ ಭೂಮಿಯ ಅಭಾವ ಎದುರಾಗಿ, ಜಾಗವುಳ್ಳವರು ದಾನ ನೀಡಬೇಕೆಂದು ಸರಕಾರವೇ ಸಾರ್ವಜನಿಕರಲ್ಲಿ ವಿನಂತಿಸಬೇಕಾಯಿತು.

ಕುಮ್ಕಿಯ ಬಿಡಾರ

ನಮ್ಮ ಕರಾವಳಿಯಲ್ಲಿ ಈ ಪ್ರಶ್ನೆಗೆ ಒಂದು ಇತಿಹಾಸವಿದೆ. 1974ರ ಭೂಸುಧಾರಣೆಯಿಂದ ಸಾವಿರಾರು ಒಕ್ಕಲು ಕುಟುಂಬಗಳು ಭೂಮಾಲೀಕರಾದವು. ನಮ್ಮ ಓದುಗರಲ್ಲೂ ಅನೇಕರ ಹಿರಿಯರು ಡಿಕ್ಲರೇಶನ್ ಕೊಟ್ಟೇ ಜಾಗ ಪಡೆದವರು. ಕೃಷಿ ಕಾರ್ಮಿಕರು ವಾಸಿಸುತ್ತಿದ್ದ ಮನೆಯಡಿಗೂ ಆ ಕಾನೂನಿನಲ್ಲಿ ಅವಕಾಶವಿತ್ತು. ಆದರೆ ಅಕ್ಷರ ಬಾರದವರು, ಧಣಿಯ ದಾಕ್ಷಿಣ್ಯಕ್ಕೆ ಒಳಗಾದವರು ಅರ್ಜಿ ಹಾಕದೆ ಉಳಿದರು. ಅವರ ಮೊಮ್ಮಕ್ಕಳು ಇಂದಿಗೂ ಅದೇ ಬಿಡಾರದಲ್ಲಿದ್ದಾರೆ.

ಇಂಥ ಕೆಲವು ಬಿಡಾರಗಳು ಕುಮ್ಕಿಯಲ್ಲಿವೆ. ಕುಮ್ಕಿ ಎಂದರೆ ವರ್ಗ ಜಾಗದ ಅಂಚಿನ ಸರಕಾರಿ ಭೂಮಿ. ಸೊಪ್ಪು, ಸೌದೆ ಮೊದಲಾದುವನ್ನು ತೆಗೆದುಕೊಳ್ಳುವ ಸವಲತ್ತು ವರ್ಗದಾರನಿಗಿದೆ, ಒಡೆತನವಿಲ್ಲ. ಸರಕಾರಿ ಜಾಗದಲ್ಲಿ ನಿರ್ದಿಷ್ಟ ದಿನಾಂಕಕ್ಕೆ ಮುನ್ನ ಕಟ್ಟಿದ ವಾಸದ ಮನೆಗಳನ್ನು ಸಕ್ರಮಗೊಳಿಸಲು ಭೂ ಕಂದಾಯ ಕಾಯ್ದೆಯ 94ಸಿ ಕಲಮು ಗ್ರಾಮಾಂತರಕ್ಕೂ 94ಸಿಸಿ ಕಲಮು ನಗರಕ್ಕೂ ಸೇರ್ಪಡೆಯಾಗಿವೆ. ಆದರೆ ಕುಮ್ಕಿ ಎಂದೊಡನೆ ಕಡತಕ್ಕೆ ತಕರಾರು ಅಂಟಿಕೊಳ್ಳುತ್ತದೆ.

ಆ ತಾಯಿಯ ಬಿಡಾರವೂ ಅಂಥದೇ ಎಂಬುದು ವಾಳೆಯ ಗುರಿಕಾರರು ಮತ್ತು ನಿವೃತ್ತ ಗ್ರಾಮ ಲೆಕ್ಕಿಗರೊಬ್ಬರು ಕಾಗದಗಳನ್ನು ಹರಡಿಕೊಂಡು ಕುಳಿತಾಗ ತಿಳಿಯಿತು. ವರ್ಗದಾರರು ನಮ್ಮದೇ ಧರ್ಮಕೇಂದ್ರದ ಕುಟುಂಬ. ಅವರು ಹಿಂದೊಮ್ಮೆ ಮೌಖಿಕವಾಗಿ ಆಕ್ಷೇಪಿಸಿದ್ದರಂತೆ. ಪ್ರತಿ ಆದಿತ್ಯವಾರ ಒಂದೇ ಛಾವಣಿಯಡಿ ಪ್ರಾರ್ಥಿಸುತ್ತಿದ್ದ ಎರಡು ಕುಟುಂಬಗಳ ನಡುವೆ ಇಂಥದೊಂದು ಗಂಟಿದೆಯೆಂಬುದು ವಿಚಾರಣಾ ಗುರುಗಳಾದ ನಮಗೇ ತಿಳಿದಿರಲಿಲ್ಲ. ವರ್ಷ ವರ್ಷವೂ ಟಾರ್ಪಾಲು ಕೊಟ್ಟು ಕರ್ತವ್ಯ ಮುಗಿಯಿತೆಂದು ತಿಳಿದಿದ್ದೆವು. ಮಾಡು ಏಕೆ ಸೋರುತ್ತದೆ ಎಂದು ಕೇಳಿದ್ದೆವು, ಮನೆ ಏಕೆ ಆಗಲಿಲ್ಲ ಎಂದು ಕೇಳಿರಲಿಲ್ಲ. ಅದು ನಮ್ಮ ತಪ್ಪು.

ಆ ಮನೆಯ ಹಿರಿಯರೊಂದಿಗೆ ಮೂರು ಸಲ ಮಾತಾಡಿದೆವು. ಮೊದಲ ಸಲ ಅವರು ಸಿಟ್ಟಾದರು. "ಇಂದು ಇವರಿಗೆ ಒಪ್ಪಿದರೆ ನಾಳೆ ಹತ್ತು ಜನ ಬರುತ್ತಾರೆ" ಎಂದರು. ಎರಡನೆಯ ಸಲ ಮೌನವಾಗಿದ್ದರು. ಮೂರನೆಯ ಸಲ ತಾವೇ ನಮ್ಮ ಕಚೇರಿಗೆ ಬಂದು, ತಮ್ಮ ಆಕ್ಷೇಪವಿಲ್ಲವೆಂದು ಬರೆದುಕೊಟ್ಟರು. ಅಷ್ಟಕ್ಕೇ ಹಕ್ಕುಪತ್ರ ಬಂದುಬಿಡುವುದಿಲ್ಲ, ತೀರ್ಮಾನ ಕಂದಾಯ ಇಲಾಖೆಯದು. ಆದರೆ ಅಲ್ಲಿಯವರೆಗೆ ಕದಲದಿದ್ದ ಕಡತ ಕದಲಿತು. ಸರ್ವೆಯವರು ಬಂದು ಅಳತೆ ಮಾಡಿ ಹೋಗಿದ್ದಾರೆ. ಹಕ್ಕುಪತ್ರ ಇನ್ನೂ ಬರಬೇಕಾಗಿದೆ. ಆ ತನಕ ಟಾರ್ಪಾಲು ಅಲ್ಲೇ ಇರುತ್ತದೆ.

ನಾವು ಮಾಡಬಹುದಾದುದು

ಪ್ರಿಯ ಓದುಗರೇ, ವಸತಿ ಸಂಸ್ಥೆಗಳ ಜಾಲವನ್ನು ಕಚೇರಿಯ ಕಡೆಯಿಂದ ನೋಡಿದರೆ ಅದು ಪರಿಪೂರ್ಣವೆಂದೇ ಕಾಣುತ್ತದೆ. ಬಡವನ ಹೊಸ್ತಿಲಿನಿಂದ ನೋಡಿದಾಗ ಮಾತ್ರ ಅದರ ಬಿರುಕು ತಿಳಿಯುತ್ತದೆ. ಮನೆಯ ಉದ್ದೇಶ ಅದರಲ್ಲಿ ವಾಸಿಸುವ ಕುಟುಂಬ. ಆದುದರಿಂದ ನಕ್ಷೆಯೂ ಅಲ್ಲಿಂದಲೇ ಆರಂಭವಾಗಬೇಕು.

ಪ್ರತಿಯೊಂದು ವಾಳೆಯಲ್ಲಿ ಮನೆಯಿಲ್ಲದ ಕುಟುಂಬಗಳನ್ನು ಗುರಿಕಾರರು ಗುರುತಿಸಲಿ, ಜಾತಿ ಮತವನ್ನು ನೋಡದಿರಲಿ. ನಿಂತಿರುವ ಜಾಗ ಯಾರದು, ಸರ್ವೆ ನಂಬ್ರ ಯಾವುದು, ಪಡಿತರ ಚೀಟಿಯಲ್ಲಿ ಯಾರ ಹೆಸರಿದೆ, ಗ್ರಾಮ ಸಭೆಯ ಪಟ್ಟಿಯಲ್ಲಿ ಸೇರಿದ್ದಾರೆಯೇ, ಅರ್ಜಿಯ ಹಿಂಬರಹ ಎಲ್ಲಿದೆ - ಈ ಐದು ಪ್ರಶ್ನೆಗಳ ಉತ್ತರ ಬರೆದುಕೊಂಡರೆ ಅರ್ಧ ದಾರಿ ಸವೆದಂತೆ. ಕಂದಾಯ, ಬ್ಯಾಂಕು, ಇಂಜಿನಿಯರಿಂಗ್ ವೃತ್ತಿಗಳಿಂದ ನಿವೃತ್ತರಾದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ತಿಂಗಳಿಗೊಂದು ಸಂಜೆ ಅವರು ಈ ಕಾಗದಗಳೊಡನೆ ಕುಳಿತರೆ ಸಾಕು. ಗ್ರಾಮ ಸಭೆ ನಡೆಯುವ ದಿನ ನಮ್ಮ ಕುರ್ಚಿಗಳು ಖಾಲಿಯಿರಬಾರದು.

ಕೊನೆಯದಾಗಿ, ಜಾಗವುಳ್ಳ ಕುಟುಂಬಗಳಲ್ಲಿ ಒಂದು ವಿನಂತಿ. ನಿಮ್ಮ ವರ್ಗ ಜಾಗದಂಚಿನಲ್ಲಿ ಅಜ್ಜನ ಕಾಲದಿಂದ ಒಂದು ಬಿಡಾರವಿದ್ದರೆ, ಅಲ್ಲಿಯವರು ಬಂದು ಕೇಳಲೆಂದು ಕಾಯಬೇಡಿ. ನೀವೇ ಒಮ್ಮೆ ಹೋಗಿ, ಕಾಗದ ಎಲ್ಲಿಗೆ ಮುಟ್ಟಿದೆ ಎಂದು ವಿಚಾರಿಸಿರಿ. ಆ ಬಾಗಿಲಿಗೆ ಹೋಗಲು ನಿಮಗೆ ಯಾವ ಇಲಾಖೆಯ ಅನುಮತಿಯೂ ಬೇಡ.