ಗಂಡ-ಹೆಂಡತಿ ಕೂಡೇ ತಗೊಳ್ಳೂ ಚಿಕಿತ್ಸಾ

ನಿಡಗುಂದಿ ಅಕ್ಕಾರ, ಮಿಲಿಟ್ರಿಯಿಂದ ಬಂದ ನಿಮ್ಮ ಮನಿಯವರು ಪಟಾಕಿ ಸಪ್ಪಳಕ್ಕ ಬೆಚ್ಚಿ ಬೀಳ್ತಾರೇನ್ರಿ? ರಾತ್ರಿ ನಿದ್ದಿಲ್ಲ, ಸಣ್ಣದಕ್ಕೂ ಸಿಟ್ಟು? ಸೊಕ್ಕಲ್ಲ ಅದು. ಆಘಾತದಿಂದ ಬರೂ ಕಾಯಿಲಿ, ಪಿಟಿಎಸ್‌ಡಿ ಇರಬಹುದು.

ಇದಕ್ಕ ಇಬ್ಬರೂ ಕೂಡೇ ಕುಂತು ತಗೊಳ್ಳೂ ಚಿಕಿತ್ಸಾ ಐತಿ. ಮನಶ್ಶಾಸ್ತ್ರಜ್ಞೆ ಕ್ಯಾಂಡಿಸ್ ಮಾನ್ಸನ್ ತಂಡದವರು ರೂಪಿಸಿದ್ದು, 15 ಭೇಟಿ. ಮೊದಲು ಕಾಯಿಲಿ ತಿಳ್ಕೊಳ್ಳೂದು, ಸಿಟ್ಟು ಏರೂ ಮುಂಚೆ ಮಾತು ನಿಲ್ಲಿಸೂದು. ಆಮ್ಯಾಲೆ ಅವರು ಬಿಟ್ಟಬಿಟ್ಟಿದ್ದ ಸಂತಿ, ಬಸ್‌ಸ್ಟ್ಯಾಂಡಿಗೆ ಇಬ್ಬರೂ ಸ್ವಲ್ಪ ಸ್ವಲ್ಪ ಹೋಗೂದು. ಅಗದಿ ಕಠಿಣ, ಆದ್ರ ನನ್ನ ಪ್ರಕಾರ ಇದ ಜೀವಾಳ. ಕಡೀಕ, ‘ಜೋಡಿಗಾರ ಸೈನಿಕ ನನ್ನಿಂದನ ಸತ್ತ’ ಅನ್ನೂವಂಥ ವಿಚಾರನ ಕೂಡಿ ತೂಗಿ ನೋಡೂದು. 2012ರಾಗ 40 ಜೋಡಿಗಳ ಅಧ್ಯಯನದಾಗ ಕಾಯಿಲಿ ಲಕ್ಷಣ ಇಳದ್ವು.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕ ಫೋನ್ ಹಚ್ರಿ. ಪುಕ್ಕಟ, ಕನ್ನಡದಾಗ, ಹಗಲು-ರಾತ್ರಿ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಗೆ ಇಬ್ಬರೂ ಹೋಗ್ರಿ. ಮನ್ಯಾಗ ಹೊಡ್ತ ಬಡ್ತ ಇದ್ರ, ಅದನ್ನ ಡಾಕ್ಟರಿಗೆ ಮೊದಲು ಹೇಳ್ರಿ.