ಗೋಡೆಯನ್ನು ಮುಟ್ಟದೆಯೂ ಬಿಸಿಮಾಡುವ ಕಿರಣ

ಪ್ರಶ್ನೆ: ಕಣವೇಗವರ್ಧಕದಲ್ಲಿ ಕಣಗಳು ನಿರ್ವಾತದಲ್ಲಿ ಓಡುತ್ತವಲ್ಲ, ಸುತ್ತಲಿನ ಕೊಳವೆಗೆ ಏನಾದರೂ ಆಗುತ್ತದೆಯೇ?

ಉತ್ತರ: ಆಗುತ್ತದೆ, ಸಾಕಷ್ಟು. ಉದಾಹರಣೆಗೆ ಒಂದು ವೇಗವರ್ಧಕವನ್ನೇ ನೋಡಿ: ಕೋಲ್ಕತ್ತದ ಬಿಬಿಡಿ ಬಾಗ್‌ನಿಂದ ಪೂರ್ವಕ್ಕೆ ಕೆಲವೇ ಕಿಲೋಮೀಟರ್ ಹೋದರೆ ಸಾಲ್ಟ್ ಲೇಕ್‌ನಲ್ಲಿ ವೇರಿಯಬಲ್ ಎನರ್ಜಿ ಸೈಕ್ಲೋಟ್ರಾನ್ ಸೆಂಟರ್ ಸಿಗುತ್ತದೆ. ಅಲ್ಲಿನ ಸೈಕ್ಲೋಟ್ರಾನ್ ಎಂಬ ವೇಗವರ್ಧಕದಿಂದ ಮೊದಲ ಕಿರಣ ಹೊಮ್ಮಿದ್ದು 1977ರ ಜೂನ್‌ನಲ್ಲಿ.

ಇಂಥ ಯಂತ್ರದೊಳಗಿನ ನಿರ್ವಾತ ಎಂದೂ ಪೂರ್ತಿ ಖಾಲಿಯಲ್ಲ. ಭಾರವಾದ ಅಯಾನೊಂದು (ವಿದ್ಯುದಂಶವಿರುವ ಪರಮಾಣು) ಉಳಿದ ಅನಿಲದ ಅಣುವಿಗೆ ಡಿಕ್ಕಿ ಹೊಡೆದು ಒಂದು ಎಲೆಕ್ಟ್ರಾನನ್ನು ಕಳೆದುಕೊಂಡರೂ ಪಡೆದುಕೊಂಡರೂ ಅದರ ವಿದ್ಯುದಂಶ ಬದಲಾಗುತ್ತದೆ. ಆಗ ಕಾಂತಕ್ಷೇತ್ರ ಅದನ್ನು ಬೇರೆಯೇ ಅಳತೆಯಲ್ಲಿ ಬಾಗಿಸುತ್ತದೆ. ದಾರಿ ತಪ್ಪಿದ ಅಯಾನು ಕೊನೆಗೆ ಲೋಹಕ್ಕೆ ಬಡಿಯುತ್ತದೆ.

ಸೋಜಿಗವೆಂದರೆ, ಬಡಿಯದ ಕಣಗಳೂ ಸುಮ್ಮನಿರುವುದಿಲ್ಲ. ಕಣಗುಚ್ಛ ಸಾಗಿದಂತೆ ಅದರ ವಿದ್ಯುತ್ ಕ್ಷೇತ್ರ ಕೊಳವೆಯ ಒಳಮೈಯಲ್ಲಿ ಪ್ರತಿಬಿಂಬದಂಥ ವಿದ್ಯುತ್ ಪ್ರವಾಹವನ್ನು ಎಳೆದೊಯ್ಯುತ್ತದೆ. ದೋಣಿಯ ಹಿಂದೆ ಏಳುವ ಅಲೆಯಂತೆ, ಮುಂದಿನ ಗುಚ್ಛ ಬಿಟ್ಟ ಕ್ಷೇತ್ರ ಹಿಂದಿನದನ್ನು ಅಲುಗಾಡಿಸುತ್ತದೆ. ಕೊಳವೆಯೂ ಬಿಸಿಯಾಗುತ್ತದೆ. ಜಿನೀವಾ ಬಳಿಯ 27 ಕಿ.ಮೀ. ಉದ್ದದ ಎಲ್‌ಎಚ್‌ಸಿ ವೇಗವರ್ಧಕದಲ್ಲಿ ಈ ಬಿಸಿ ತಗ್ಗಿಸಲೆಂದೇ ಉಕ್ಕಿನ ಒಳಪದರಕ್ಕೆ ತೆಳ್ಳಗೆ ತಾಮ್ರ ಹೊದಿಸಿದ್ದಾರೆ. ಪಕ್ಕದ ಆಯಸ್ಕಾಂತಗಳು 1.9 ಕೆಲ್ವಿನ್‌ನಲ್ಲಿ ತಣ್ಣಗಿರಬೇಕಲ್ಲ!

ಸೈಕ್ಲೋಟ್ರಾನ್‌ನಲ್ಲಿ ತಾಮ್ರಕ್ಕೆ ವೇಗದ ಆಲ್ಫಾ ಕಣ ಬಡಿದರೆ ಕತೆ ಬೇರೆ. ನ್ಯೂಟ್ರಾನ್‌ಗಳು ಚಿಮ್ಮುತ್ತವೆ, ತಾಮ್ರದ ಪರಮಾಣು ವಿಕಿರಣಶೀಲ ಗ್ಯಾಲಿಯಂ ಆಗಬಹುದು. ಸೈಕ್ಲೋಟ್ರಾನ್ ಸುತ್ತ ದಪ್ಪ ಕಾಂಕ್ರೀಟ್ ಗೋಡೆ ಕಟ್ಟುವುದು ಆ ನ್ಯೂಟ್ರಾನ್‌ಗಳಿಗಾಗಿ. ಯಂತ್ರ ನಿಲ್ಲಿಸಿದ ಮೇಲೂ ವಿಕಿರಣ ಅಳೆಯದೆ ಯಾರೂ ಒಳಗೆ ಹೋಗುವಂತಿಲ್ಲ.