ಆನೆ ಪೈಸೆಯ ಬೆನ್ನು ಬಿದ್ದವರು

ನಾಣ್ಯ ಪ್ರದರ್ಶನಕ್ಕೆ ಹೋದರೆ ನಾಣ್ಯಗಳಷ್ಟೇ ಅವನ್ನು ನೋಡಲು ಬಂದವರನ್ನೂ ನೋಡುತ್ತ ನಿಲ್ಲುವುದು ನನ್ನ ಚಾಳಿ. ಒಂದು ಮೇಜಿನ ಮೇಲೆ ಶಾತವಾಹನರ ಕಾಲದ ಸೀಸದ ನಾಣ್ಯ ಇತ್ತು. ಚಿತ್ರದುರ್ಗದ ಚಂದ್ರವಳ್ಳಿಯ ಅಗೆತದಲ್ಲಿ ಸಿಕ್ಕವುಗಳ ಜಾತಿಯದು, ವಯಸ್ಸು ಹೆಚ್ಚುಕಡಿಮೆ ಎರಡು ಸಾವಿರ ವರ್ಷ. ಪಕ್ಕದ ಮೇಜಿನಲ್ಲಿ ಟಿಪ್ಪು ಸುಲ್ತಾನನ ತಾಮ್ರದ ಪೈಸೆಗಳ ಗುಡ್ಡೆ. ಸೀಸದ ಬಿಲ್ಲೆಯ ಚೀಟಿ ಓದಿ 'ಅಬ್ಬಾ' ಎಂದವರೆಲ್ಲ ಮುಂದಕ್ಕೆ ಹೋದರು. ಪೈಸೆಯ ಗುಡ್ಡೆಯ ಮುಂದೆ ಮಾತ್ರ ಕುರ್ಚಿ ಎಳೆದುಕೊಂಡು ಕೂತರು. ಜೇಬಿನಿಂದ ಭೂತಗನ್ನಡಿ ಹೊರಬಂತು. 'ಇದರಲ್ಲಿ ಸೊಂಡಿಲು ಪೂರ್ತಿ ಬಂದಿದೆ ನೋಡಿ ಸಾರ್, ಆದ್ರೆ ಇಸವಿ ತಿಂದುಹಾಕಿದೆ' ಎಂದರು ಒಬ್ಬರು. ಮಧ್ಯಾಹ್ನದ ಊಟಕ್ಕೆ ಹೋಗಿ ಬಂದಾಗಲೂ ಅವರು ಅಲ್ಲೇ ಇದ್ದರು.

ಹಳತಾದಷ್ಟೂ ಬೆಲೆ ಎಂಬುದು ಹೊರಗಿನವರ ನಂಬಿಕೆ. ಅಪರೂಪವಾದಷ್ಟೂ ಬೆಲೆ ಎಂಬುದು ಹೊಸ ಸಂಗ್ರಾಹಕರ ನಂಬಿಕೆ. ಎರಡನೆಯದರಲ್ಲಿ ಹುರುಳಿದೆ, ಆದರೆ ಜನಪ್ರಿಯತೆಯ ಲೆಕ್ಕವೇ ಬೇರೆ. ಜಗತ್ತಿನಲ್ಲಿ ನಾಲ್ಕೇ ಉಳಿದಿರುವ ನಾಣ್ಯದ ಬೆನ್ನು ಎಷ್ಟು ಜನ ಬಿದ್ದಾರು? ಮ್ಯೂಸಿಯಮ್ಮಿನ ಗಾಜಿನ ಹಿಂದೆ ಕೂತು ಅದು ನಮಸ್ಕಾರ ಪಡೆಯುತ್ತದೆ, ಅಷ್ಟೆ. ನೂರಾರು ಮಂದಿಗೆ ಹುಚ್ಚು ಹಿಡಿಸಬೇಕಾದರೆ ಮೊದಲ ನಾಣ್ಯ ಸುಲಭವಾಗಿ ಸಿಗಬೇಕು, ಕೊನೆಯದು ಸಿಗಲೇಬಾರದು. ಟಿಪ್ಪುವಿನ ಆನೆ ಪೈಸೆ ಹೀಗೆ ಆಟ ಆಡಿಸುವ ನಾಣ್ಯ.

ಅಂಗೈಯಲ್ಲಿಟ್ಟು ನೋಡಿ. ತೂಕ ಹನ್ನೊಂದು ಗ್ರಾಂ ಚಿಲ್ಲರೆ, ಒರಟು ಅಂಚು, ದಪ್ಪ ಬಿಲ್ಲೆ. ಒಂದು ಕಡೆ ಆನೆ, ಇನ್ನೊಂದು ಕಡೆ ಪಾರಸಿ ಅಕ್ಷರದಲ್ಲಿ ಟಂಕಸಾಲೆಯ ಹೆಸರು. ರಾಜನ ಹೆಸರಿಗಾಗಿ ಹುಡುಕಬೇಡಿ, ಟಿಪ್ಪು ತನ್ನ ನಾಣ್ಯಗಳ ಮೇಲೆ ತನ್ನ ಹೆಸರನ್ನೇ ಹಾಕಿಸಲಿಲ್ಲ. ಅಚ್ಚಿನ ಮೇಲೆ ಬಿಲ್ಲೆ ಇಟ್ಟು ಸುತ್ತಿಗೆಯಿಂದ ಬಡಿದು ಮಾಡಿದ್ದರಿಂದ ಒಂದರಂತೆ ಇನ್ನೊಂದಿಲ್ಲ. ಎಷ್ಟೋ ಕಡೆ ಬಿಲ್ಲೆಗಿಂತ ಅಚ್ಚೇ ದೊಡ್ಡದು. ಹಾಗಾಗಿ ಒಂದರಲ್ಲಿ ಆನೆಗೆ ಬಾಲವಿಲ್ಲ, ಇನ್ನೊಂದರಲ್ಲಿ ಕಾಲಿಲ್ಲ. ಕೆಲವು ಆನೆಗಳು ಎಡಕ್ಕೆ ನಡೆದರೆ ಕೆಲವು ಬಲಕ್ಕೆ. ಕೊನೆಯ ವರ್ಷಗಳ ಪೈಸೆಗಳಲ್ಲಿ ಆನೆಯ ಮೇಲೆ ಅಲಿಫ್, ಬೇ, ತೇ ಎಂದು ಅಕ್ಷರಗಳೂ ಬರುತ್ತವೆ.

ಇಸವಿಯದಂತೂ ದೊಡ್ಡ ತಮಾಷೆ. ಆಳ್ವಿಕೆಯ ಮೊದಲ ವರ್ಷಗಳಲ್ಲಿ ಹಿಜರಿ ಲೆಕ್ಕ, ಅಂಕಿಗಳು ಎಡದಿಂದ ಬಲಕ್ಕೆ. 1787ರ ಹೊತ್ತಿಗೆ ಟಿಪ್ಪು ಪ್ರವಾದಿಯವರ ಜನನದಿಂದ ಎಣಿಸುವ ಮೌಲೂದಿ ಶಕ ತಂದ. 1201ರ ಹಿಂದೆಯೇ 1215 ಬಂತು. ಅಷ್ಟು ಸಾಲದೆಂಬಂತೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಹೊಸಬರು ಅದನ್ನು 5121 ಎಂದು ಓದಿ ಕಣ್ಣು ಉಜ್ಜಿಕೊಳ್ಳುತ್ತಾರೆ. ನಾನೂ ಉಜ್ಜಿಕೊಂಡವನೇ.

ಟಂಕಸಾಲೆಗಳೋ ಹತ್ತಕ್ಕೂ ಹೆಚ್ಚು. ಪಟನ್ ಎಂದರೆ ಶ್ರೀರಂಗಪಟ್ಟಣ, ನಗರ ಎಂದರೆ ಹಳೆಯ ಬಿದನೂರು, ಫರುಖ್‌ಯಾಬ್ ಹಿಸಾರ್ ಎಂದರೆ ಚಿತ್ರದುರ್ಗ, ಖುರ್ಷಿದ್ ಸವಾದ್ ಎಂದರೆ ಧಾರವಾಡ. ಮೈಸೂರಿನದು ನಜರ್‌ಬಾರ್. ಮೈಸೂರಿಗರು ಇವತ್ತೂ ಆಟೋದವರಿಗೆ ಹೇಳುವ ನಜರ್‌ಬಾದ್ ಇದೆಯಲ್ಲ, ಅದೇ. ನಾಣ್ಯಗಳ ಹೆಸರೂ ಸೊಗಸು. ಪೈಸೆಗೆ ಜೊಹ್ರಾ ಅಂದರೆ ಶುಕ್ರಗ್ರಹ, ಅರ್ಧ ಪೈಸೆಗೆ ಬಹ್ರಾಮ್ ಅಂದರೆ ಮಂಗಳ, ಕಾಲು ಪೈಸೆಗೆ ಅಖ್ತರ್ ಅಂದರೆ ತಾರೆ, ಅದಕ್ಕೂ ಚಿಕ್ಕದಕ್ಕೆ ಧ್ರುವನಕ್ಷತ್ರದ ಕುತುಬ್. ಇಷ್ಟು ಬಗೆಗಳನ್ನು ಇಸವಿಯಿಂದ, ಊರಿನಿಂದ, ಆನೆಯ ದಿಕ್ಕಿನಿಂದ ಗುಣಿಸಿಕೊಳ್ಳಿ. ಒಂದು ಜನ್ಮಕ್ಕೆ ಸಾಕಾಗುವಷ್ಟು ಕೆಲಸ.

ಹುಡುಕುವವರ ಕೈಗೆ ಒಂದು ಪಟ್ಟಿಯೂ ಬೇಕು. ಮದ್ರಾಸಿನ ಸರ್ಕಾರಿ ಮ್ಯೂಸಿಯಮ್ಮಿನ ಮುಖ್ಯಸ್ಥರಾಗಿದ್ದ ಜೆ.ಆರ್. ಹೆಂಡರ್‌ಸನ್ 1921ರಲ್ಲಿ ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಪುಸ್ತಕ ಹೊರತಂದರು. ಊರು, ಇಸವಿ, ಬಗೆ ಎಲ್ಲ ಅದರಲ್ಲಿ ಸಾಲಾಗಿ ಬಂತು. ಪಟ್ಟಿ ಇದ್ದರೆ ತಾನೆ ನಮ್ಮಲ್ಲಿ ಏನು ಕೊರತೆ ಎಂದು ಗೊತ್ತಾಗುವುದು? ಆ ಸೀಸದ ನಾಣ್ಯದ ಮುಂದೆ ಕುರ್ಚಿ ಎಳೆದುಕೊಳ್ಳದವರಿಗೆ ಅದರಲ್ಲಿ ಯಾವುದು ಸಾಮಾನ್ಯ, ಯಾವುದು ವಿಶೇಷ ಎಂದು ಹೇಳಿಕೊಡುವವರು ಇರಲಿಲ್ಲ ಎನ್ನುವುದು ನನ್ನ ಗುಮಾನಿ.

ಟಿಪ್ಪುವಿನ ನಂತರವೂ ಆನೆ ಮೈಸೂರು ಬಿಡಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸುಗಳಲ್ಲಿ ಅದರ ಬೆನ್ನಮೇಲೆ ಸೂರ್ಯ ಚಂದ್ರ, ನಡುವೆ ಕನ್ನಡದ 'ಶ್ರೀ'. ಆಮೇಲೆ ಆನೆಯ ಜಾಗಕ್ಕೆ ಸಿಂಹ ಬಂತು. ಆ ಕಾಸುಗಳ ಮೇಲೆ 'ಮಯಿಲಿ ಕಾಸು' ಎಂದು ಕನ್ನಡದಲ್ಲೂ ಬೆಲೆ ನಮೂದಾಯಿತು. ಪಾರಸಿ ಬಾರದ ನಮ್ಮೂರಿನ ಸಂಗ್ರಾಹಕರು ಇಲ್ಲಿಂದಲೇ ಶುರು ಮಾಡುವುದು ಹೆಚ್ಚು. ತಾನೇ ಓದಿಕೊಳ್ಳಬಲ್ಲ ನಾಣ್ಯದ ಮೇಲಿನ ಪ್ರೀತಿ ಬೇರೆ.

ಇನ್ನೊಂದು ಆನೆ ಇದೆ, ಅದು ಅಪಖ್ಯಾತಿಯಿಂದಲೇ ಗೆದ್ದದ್ದು. 1911ರಲ್ಲಿ ಐದನೇ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿ ಬಂತು. ದೊರೆಯ ನಿಲುವಂಗಿಯ ಮೇಲಿನ ಪದಕಮಾಲೆಯಲ್ಲಿ ಕಾಳಿನಷ್ಟು ಚಿಕ್ಕ ಆನೆ. ಸೊಂಡಿಲು ಗಿಡ್ಡ, ಕಾಲು ಮೊಟಕು, ಜನರ ಕಣ್ಣಿಗೆ ಅದು ಹಂದಿಯಾಗಿ ಕಂಡಿತು. ಮುಸಲ್ಮಾನರಿಗೆ ಅಸಹ್ಯವಾಯಿತು, ಗದ್ದಲವೆದ್ದಿತು. ಕಲ್ಕತ್ತ, ಬೊಂಬಾಯಿ ಎರಡೂ ಕಡೆ ಸೇರಿ ಟಂಕಿಸಿದ್ದು ಸುಮಾರು 94 ಲಕ್ಷ. ಅದರಲ್ಲಿ ಏಳು ಲಕ್ಷದಷ್ಟು ಮಾತ್ರ ಚಲಾವಣೆಗೆ ಹೋಗಿತ್ತು, ಮಿಕ್ಕಿದ್ದನ್ನು ಕರಗಿಸಿದರು. 1912ರಲ್ಲಿ ತಿದ್ದಿದ ಆನೆ ಬಂತು. ಏಳು ಲಕ್ಷವೇನೂ ತೀರ ಕಡಿಮೆಯಲ್ಲ. ಅದಕ್ಕಿಂತ ವಿರಳವಾದ ಬ್ರಿಟಿಷ್ ನಾಣ್ಯಗಳು ಯಾರೂ ಕೇಳದೆ ಬಿದ್ದಿವೆ. ಆದರೆ 'ಹಂದಿ ರೂಪಾಯಿ ಇದೆಯಾ' ಎಂದು ಕೇಳದ ಸಂಗ್ರಾಹಕನನ್ನು ನಾನು ಕಂಡಿಲ್ಲ. ತೋರಿಸಿ ಕತೆ ಹೇಳಬಹುದಲ್ಲ, ಅದಕ್ಕೆ.

ಈ ಆಟಕ್ಕೆ ಹಣ ಬೇಕೇಬೇಕೆಂದಿಲ್ಲ. ನಿಮ್ಮ ಜೇಬಿನ ರೂಪಾಯಿ ತೆಗೆದು ಇಸವಿಯ ಕೆಳಗೆ ನೋಡಿ. ವಜ್ರದ ಆಕಾರವಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೊಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಶಾಲೆಯ ಹುಡುಗರು ಚೌಕ ಹಾಕಿದ ನೋಟ್‌ಬುಕ್ಕಿನಲ್ಲಿ ಇದನ್ನೇ ತುಂಬುತ್ತಾರೆ.

ಹೆಸರು ಬಂದಲ್ಲಿ ಗಾಳಿಸುದ್ದಿಯೂ ಹುಟ್ಟುತ್ತದೆ. ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆಯೆಂದು ಮೊಬೈಲಿನಲ್ಲಿ ಓದಿದ ನಮ್ಮ ಪಕ್ಕದ ಮನೆಯ ಅಜ್ಜಿ ರಾತ್ರಿ ಹತ್ತಕ್ಕೆ ಬಾಗಿಲು ಬಡಿದರು. 'ಇದು ಐದು ರೂಪಾಯಿಗೇ ಹೋಗೋದಜ್ಜಿ' ಎಂದದ್ದಕ್ಕೆ, 'ನೀನೇ ಹೊಡ್ಕೊಳ್ಳೋಣ ಅಂತ ನೋಡ್ತಿದೀಯ' ಎಂದು ಸಿಟ್ಟಾದರು. ಹಳೆ ನಾಣ್ಯ ಕೊಳ್ಳುತ್ತೇವೆಂದು ತನ್ನ ಹೆಸರು ಹೇಳಿ ಕಮಿಷನ್ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಬೇಕಾಯಿತು. ಆನೆ ಪೈಸೆಗೂ ನಕಲಿಗಳ ಕಾಟ ತಪ್ಪಿದ್ದಲ್ಲ. ಎರಕ ಹೊಯ್ದು ಮಾಡಿದ ನಕಲಿಯ ಮೈಮೇಲೆ ಸೂಜಿಮೊನೆಯಷ್ಟು ತೂತುಗಳಿರುತ್ತವೆ, ಅಂಚಿನಲ್ಲಿ ಉಜ್ಜಿದ ಗುರುತಿರುತ್ತದೆ.

ನಕಲಿಗಿಂತ ಹೊಟ್ಟೆ ಉರಿಸುವುದು ಹುಣಸೆಹಣ್ಣು. ತಾಮ್ರದ ಮೇಲೆ ಇನ್ನೂರು ವರ್ಷದಲ್ಲಿ ಕಟ್ಟಿದ ಕಂದು ಪದರವೇ ಅದರ ಮೈಬಣ್ಣ. ಅದನ್ನು ಕೊಳೆಯೆಂದು ತಿಳಿದು ದೇವರ ಚೊಂಬಿನ ಜೊತೆ ಹುಳಿ ಹಾಕಿ ತಿಕ್ಕಿಬಿಡುತ್ತಾರೆ. ನನ್ನ ಮೊದಲ ಪೈಸೆಗೆ ನಮ್ಮಮ್ಮ ಮಾಡಿದ್ದು ಇದೇ. ಸಂಜೆ ಬಂದು ನೋಡುತ್ತೇನೆ, ಆನೆ ಫಳಫಳ ಹೊಳೆಯುತ್ತ ದೇವರ ಮುಂದೆ ಕೂತಿತ್ತು. ಅದನ್ನು ಮಾರಲಾರೆ, ಅಮ್ಮನಿಗೆ ಬೈಯಲೂ ಆಗಲಿಲ್ಲ.

ನನ್ನ ಟ್ರೇಯಲ್ಲಿ ಧಾರವಾಡದ ಗುಂಡಿ ಇನ್ನೂ ಖಾಲಿ. ಆವತ್ತಿನ ಪ್ರದರ್ಶನದ ಗುಡ್ಡೆಯಲ್ಲಿ ಒಂದು ಪೈಸೆ ಕಂಡಿತ್ತು. ಟಂಕಸಾಲೆಯ ಹೆಸರು ಮುಕ್ಕಾಲು ಪಾಲು ಬಿಲ್ಲೆಯಿಂದಾಚೆ ಹೋಗಿ ಕೊನೆಯ ಅಕ್ಷರವಷ್ಟೇ ಉಳಿದಿತ್ತು. ಮಾರುವವರು 'ಇದು ದಾಲ್, ಸವಾದ್ ಅಂತ ಮುಗಿಯುತ್ತೆ' ಎಂದರು. ನನ್ನ ಕಣ್ಣಿಗೆ ಅದು ರೇ, ನಗರದ್ದು. ಪಾರಸಿಯಲ್ಲಿ ಎರಡಕ್ಕೂ ಒಂದು ಬಾಗಿನಷ್ಟೇ ವ್ಯತ್ಯಾಸ. ಅವರು ಹೇಳಿದ ಬೆಲೆ ಕೊಡಲು ಮನಸ್ಸಾಗದೆ ಬಂದುಬಿಟ್ಟೆ. ರಾತ್ರಿ ಎರಡು ಗಂಟೆಯವರೆಗೆ ಪುಸ್ತಕದ ಚಿತ್ರಗಳ ಪಕ್ಕ ಫೋನಿನಲ್ಲಿ ತೆಗೆದ ಫೋಟೊ ಇಟ್ಟು ನೋಡಿದೆ. ದಾಲೇ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಿದ್ದೆ. ಕುರ್ಚಿ ಎಳೆದುಕೊಂಡು ಕೂತಿದ್ದರಲ್ಲ, ಅವರು ಹಿಂದಿನ ದಿನ ಸಂಜೆಯೇ ತೆಗೆದುಕೊಂಡು ಹೋಗಿದ್ದರಂತೆ, ನಗರದ ಬೆಲೆಗೆ ಚೌಕಾಸಿ ಮಾಡಿ.